ಪ್ಲೆಷರ್ ಐಲ್ಯಾಂಡ್ ಮತ್ತೆ ಬಾರದು, ಒಂದು ಕೋಣೆ ಬರಬಹುದು

ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ 2008ರ ಸೆಪ್ಟೆಂಬರ್ 27ರ ರಾತ್ರಿ ಆರು ಕ್ಲಬ್ಬುಗಳು ಒಟ್ಟಿಗೆ ಬಾಗಿಲು ಹಾಕಿದವು. ಮ್ಯಾನೆಕ್ವಿನ್ಸ್, 8ಟ್ರ್ಯಾಕ್ಸ್, ಮೋಷನ್, ಬಿಇಟಿ ಸೌಂಡ್‌ಸ್ಟೇಜ್, ಕಾಮಿಡಿ ವೇರ್‌ಹೌಸ್, ಅಡ್ವೆಂಚರರ್ಸ್ ಕ್ಲಬ್. ಆರೂ ಇದ್ದದ್ದು ಪ್ಲೆಷರ್ ಐಲ್ಯಾಂಡ್ ಎಂಬ ಸುಮಾರು ಆರು ಎಕರೆಯ ರಾತ್ರಿ ಪೇಟೆಯಲ್ಲಿ. ಅದನ್ನು ಮತ್ತೆ ತೆರೆಯಿರಿ ಎಂಬ ಬೇಡಿಕೆ ಅಂದಿನಿಂದ ಇಂದಿನವರೆಗೂ ನಿಂತಿಲ್ಲ. ಅದೇ ರೆಸಾರ್ಟಿನ ಬೋರ್ಡ್‌ವಾಕ್‌ನಲ್ಲಿ 1996ರಿಂದ ನಡೆಯುತ್ತಿದ್ದ ಜೆಲ್ಲಿರೋಲ್ಸ್ ಎಂಬ ಪಿಯಾನೊ ಬಾರ್ 2025ರಲ್ಲಿ ಮುಚ್ಚಿದ ಮೇಲೆ ಆ ಮಾತು ಇನ್ನಷ್ಟು ಜೋರಾಗಿದೆ. ಪಕ್ಕದ ಯೂನಿವರ್ಸಲ್ ಸಿಟಿವಾಕ್‌ನಲ್ಲಿಯೂ ‘ದಿ ಗ್ರೂವ್’ ಎಂಬ ನೃತ್ಯ ಕ್ಲಬ್ ಹೋಗಿ, ಆ ಜಾಗಕ್ಕೆ ಒಗಟು ಬಿಡಿಸಿ ಹೊರಬರುವ ಆಟದ ಕೋಣೆಗಳು ಬಂದಿವೆ. ಒರ್ಲಾಂಡೊದ ರೆಸಾರ್ಟುಗಳಲ್ಲಿ ದೊಡ್ಡವರ ರಾತ್ರಿ ಒಂದೊಂದಾಗಿ ಆರುತ್ತಿದೆ.

ಪೇಟೆಗೆ ಪೇಟೆಯೇ ಮರಳುವುದು ಆಗದ ಮಾತು. ಆದರೆ ಅದರೊಳಗಿದ್ದ ಒಂದು ಬಗೆಯ ಕೋಣೆ ಮರಳಬಹುದು, ಮರಳಬೇಕು ಕೂಡ. ಎರಡಕ್ಕೂ ಕಾರಣ ಗೇಟು, ಗಡಿಯಾರ ಮತ್ತು ಕಟ್ಟಡದ ನಿಯಮಗಳಲ್ಲಿದೆ.

ಪ್ಲೆಷರ್ ಐಲ್ಯಾಂಡ್ ಹುಟ್ಟಿದ್ದು ಪೈಪೋಟಿಗೆ. ಒರ್ಲಾಂಡೊ ನಗರದ ಒಳಗೆ 1970ರ ದಶಕದಲ್ಲಿ ಬಾಬ್ ಸ್ನೋ ಎಂಬವರು ಚರ್ಚ್ ಸ್ಟ್ರೀಟ್ ಸ್ಟೇಷನ್ ಕಟ್ಟಿದ್ದರು. ಒಂದೇ ಟಿಕೆಟ್ಟಿನಲ್ಲಿ ಹಲವು ಸಂಗೀತ ಬಾರುಗಳಿಗೆ ಪ್ರವೇಶ. ಹಗಲೆಲ್ಲ ಡಿಸ್ನಿಯಲ್ಲಿ ಕಳೆದ ಪ್ರವಾಸಿಗರು ಸಂಜೆಯಾದರೆ ಕಾರು ಹತ್ತಿ ಅಲ್ಲಿಗೆ ಹೋಗುತ್ತಿದ್ದರು. ಆಮೇಲೆ ಮೈಕೆಲ್ ಐಸ್ನರ್ ಡಿಸ್ನಿ ಕಂಪನಿಯ ಮುಖ್ಯಸ್ಥರಾದರು. ಆ ಹಣ ಆವರಣದೊಳಗೇ ಉಳಿಯಲೆಂದು 1989ರ ಮೇ 1ರಂದು ಪ್ಲೆಷರ್ ಐಲ್ಯಾಂಡ್ ತೆರೆಯಿತು. ಡಿಸ್ನಿ-ಎಂಜಿಎಂ ಸ್ಟುಡಿಯೋಸ್ ಎಂಬ ಥೀಮ್ ಪಾರ್ಕ್ ತೆರೆದದ್ದೂ ಅದೇ ದಿನ. ದ್ವೀಪಕ್ಕೊಂದು ಕಟ್ಟುಕತೆಯೂ ಇತ್ತು. ಮೆರಿವೆದರ್ ಆಡಮ್ ಪ್ಲೆಷರ್ ಎಂಬ ಹಾಯಿಬಟ್ಟೆ ಉದ್ಯಮಿ 1911ರಲ್ಲಿ ಇಲ್ಲಿ ಕಾರ್ಖಾನೆ ಹಾಕಿದ, ಆಮೇಲೆ ಸಮುದ್ರಯಾನಕ್ಕೆ ಹೋದವನು ಹಿಂದಿರುಗಲಿಲ್ಲ, ಪಾಳುಬಿದ್ದ ಗೋದಾಮುಗಳೇ ಈಗ ಕ್ಲಬ್ಬುಗಳು ಎಂದು.

ಕೆಲಸ ನಡೆಯುತ್ತಿದ್ದ ಬಗೆ ಸರಳ. ಹಗಲು ಯಾರು ಬೇಕಾದರೂ ಓಡಾಡಬಹುದು. ಸಂಜೆ ಏಳರ ಹೊತ್ತಿಗೆ ಬೀದಿಯ ಎರಡೂ ತುದಿಯಲ್ಲಿ ಗೇಟು ಬೀಳುತ್ತಿತ್ತು, ಟಿಕೆಟ್ ಇದ್ದವರಿಗಷ್ಟೇ ಒಳಗೆ ದಾರಿ. ಬೆಳಗಿನ ಜಾವ ಎರಡಕ್ಕೆ ಮುಕ್ತಾಯ. 1990ರಿಂದ ಪ್ರತಿ ರಾತ್ರಿ ಹೊಸ ವರ್ಷದ ಆಚರಣೆಯನ್ನೂ ಸೇರಿಸಿದರು. ವರ್ಷದ 365 ದಿನವೂ ಬೀದಿಯ ನಡುವೆ ಎಣಿಕೆ, ಬಾಣಬಿರುಸು, ಕಾಗದದ ಚೂರುಗಳ ಮಳೆ. ಒಬ್ಬ ಗ್ರಾಹಕ ಒಂದೇ ಕ್ಲಬ್ಬಿನಲ್ಲಿ ಕೂರದೆ ಮೂರ್ನಾಲ್ಕು ಕಡೆ ಸುತ್ತಿ ನಡುರಾತ್ರಿಗೆ ಬೀದಿಗೆ ಬರುವಂತೆ ಮಾಡುವುದೇ ಇದರ ಉಪಾಯ.

ಗೇಟು ಹಣ ತರುವುದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಫ್ಲಾರಿಡಾದಲ್ಲಿ ಮದ್ಯ ಕುಡಿಯಲು 21 ವರ್ಷ ಆಗಿರಬೇಕು. ಒಳಗೆ ಬರುವವರನ್ನು ಎರಡು ಕಡೆಯಲ್ಲೇ ನಿಲ್ಲಿಸಿ ನೋಡಿದರೆ ಇಡೀ ಬೀದಿ ಹತೋಟಿಯಲ್ಲಿರುತ್ತದೆ. ಟಿಕೆಟ್ ಕೊಂಡು ಬಂದವನಿಗೆ ಸುಮ್ಮನೆ ಅಡ್ಡಾಡುವ ಮನಸ್ಸೂ ಕಡಿಮೆ.

1997ರಲ್ಲಿ ದ್ವೀಪದ ಆಚೆ ಬದಿಗೆ ವೆಸ್ಟ್ ಸೈಡ್ ಎಂಬ ಹೊಸ ಪೇಟೆ ಬಂತು. ಈಚೆಗೆ ಹಳೆಯ ಮಾರ್ಕೆಟ್‌ಪ್ಲೇಸ್, ಆಚೆಗೆ ವೆಸ್ಟ್ ಸೈಡ್, ಮೂರಕ್ಕೂ ಸೇರಿ ಡೌನ್‌ಟೌನ್ ಡಿಸ್ನಿ ಎಂದು ಹೆಸರು. ಅಲ್ಲಿಂದ ತೊಂದರೆ ಶುರು. ಸಂಜೆ ಏಳಾದ ಮೇಲೆ ಮಕ್ಕಳ ಕೈ ಹಿಡಿದು ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯುವ ಕುಟುಂಬಕ್ಕೆ ನಡುವೆ ಗೇಟು ಅಡ್ಡ. ಪಾರ್ಕಿಂಗ್ ಅಂಚಿನಲ್ಲಿ ಬಳಸಿಕೊಂಡು ಹೋಗಬೇಕು. ಮೂರು ಪೇಟೆಯ ನಡುವಿನದು ಗೋಡೆಯಾದರೆ ಉಳಿದೆರಡರ ವ್ಯಾಪಾರಕ್ಕೂ ಪೆಟ್ಟು. 2004ರಲ್ಲಿ ಗೇಟು ತೆಗೆದರು. ಬೀದಿ ಎಲ್ಲರಿಗೂ ತೆರೆಯಿತು, ಕ್ಲಬ್ಬುಗಳ ಬಾಗಿಲಲ್ಲಿ ಮಾತ್ರ ಟಿಕೆಟ್.

ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಕ್ಷಗಾನದ ಡೇರೆ ಮೇಳದ ಆಟಕ್ಕೂ ಬಯಲಾಟಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯದೂ. ಡೇರೆಗೆ ಟಿಕೆಟ್ ಕೊಂಡು ಬಂದವನು ಆಟಕ್ಕೆಂದೇ ಬಂದವನು. ಡೇರೆ ಬಿಚ್ಚಿದರೆ ಜನ ಹೆಚ್ಚು ಸೇರುತ್ತಾರೆ, ಕಳೆ ಕಟ್ಟುತ್ತದೆ, ಆದರೆ ಖರ್ಚು ಹೊರುವವರು ಬೇರೆ ಯಾರಾದರೂ ಇರಬೇಕು. ಬಯಲಾಟಕ್ಕೆ ಹರಕೆ ಹೊತ್ತವರು ಇರುತ್ತಾರೆ. ಪ್ಲೆಷರ್ ಐಲ್ಯಾಂಡಿಗೆ ಅಂಥವರು ಇರಲಿಲ್ಲ. ಬೀದಿಯಲ್ಲಿ ಜನ ಹೆಚ್ಚಿದರು, ಕ್ಲಬ್ಬಿನ ಟಿಕೆಟ್ ಕೊಳ್ಳುವವರ ಪ್ರಮಾಣ ಇಳಿಯಿತು. ಎರಡು ಕಡೆ ನಡೆಯುತ್ತಿದ್ದ ತಪಾಸಣೆ ಪ್ರತಿ ಬಾಗಿಲಿಗೂ ಬೇಕಾಯಿತು, ಅಷ್ಟೂ ಕಡೆ ಸಿಬ್ಬಂದಿ. 2005ರ ಕೊನೆಗೆ ಪ್ರತಿ ರಾತ್ರಿಯ ಹೊಸ ವರ್ಷವೂ ನಿಂತಿತು. ಅದೇ ವರ್ಷ ಜ್ಯಾಝ್ ಕಂಪನಿ ಇದ್ದ ಕಟ್ಟಡ ರಾಗ್ಲನ್ ರೋಡ್ ಎಂಬ ಐರಿಷ್ ರೆಸ್ಟೊರೆಂಟ್ ಆಯಿತು. ಮುಂದೇನು ಆಗಲಿದೆ ಎಂಬುದನ್ನು ಹೇಳಲು ಅದೊಂದು ಬದಲಾವಣೆ ಸಾಕಿತ್ತು.

ಗಡಿಯಾರದ ಲೆಕ್ಕ ಇನ್ನೂ ಕಠಿಣ. ಕ್ಲಬ್ ದುಡಿಯುವುದು ಸಂಜೆ ಏಳರಿಂದ ಎರಡರವರೆಗೆ, ದಿನಕ್ಕೆ ಏಳು ಗಂಟೆ. ಅದರಲ್ಲೂ ಮೊದಲ ಎರಡು ಗಂಟೆ ಅರ್ಧ ಖಾಲಿ. ಎಸಿ, ವಿಮೆ, ಭದ್ರತೆ ಮಾತ್ರ 24 ಗಂಟೆಯೂ ಬೇಕು. ಅದೇ ಜಾಗದಲ್ಲಿ ರೆಸ್ಟೊರೆಂಟ್ ಬೆಳಗ್ಗೆ ಹನ್ನೊಂದರಿಂದ ರಾತ್ರಿ ಹನ್ನೊಂದರವರೆಗೆ ದುಡಿಯುತ್ತದೆ. 200 ಕುರ್ಚಿ, ದಿನಕ್ಕೆ ನಾಲ್ಕು ಸುತ್ತು ಊಟ, ತಲೆಗೆ 45 ಡಾಲರ್ ಎಂದು ಅಂದಾಜಿಗೆ ಹಿಡಿಯಿರಿ: ದಿನದ ವಹಿವಾಟು 36,000 ಡಾಲರ್. ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ರೆಸ್ಟೊರೆಂಟನ್ನು ಹೊರಗಿನವರಿಗೆ ಗುತ್ತಿಗೆಗೆ ಕೊಟ್ಟರೆ ಅಡುಗೆಯವರ ಸಂಬಳ, ಮಾರಾಟ ಬಿದ್ದ ದಿನದ ನಷ್ಟ, ಎಲ್ಲವೂ ಗುತ್ತಿಗೆದಾರರ ತಲೆಗೆ. ರೆಸಾರ್ಟಿಗೆ ಬಾಡಿಗೆ ತಪ್ಪದು. ನಟರಿಗೂ ಸಂಗೀತಗಾರರಿಗೂ ತಾನೇ ಸಂಬಳ ಕೊಟ್ಟು ಕ್ಲಬ್ ನಡೆಸುವ ವ್ಯವಸ್ಥೆ ಈ ಲೆಕ್ಕದ ಮುಂದೆ ನಿಲ್ಲುವುದು ಕಷ್ಟ. ಕ್ಲಬ್ಬುಗಳನ್ನು ಪ್ರೀತಿಸುವವರು ಒಪ್ಪಲು ಇಷ್ಟಪಡದ ಸತ್ಯ ಇದು, ಆದರೆ ಇದನ್ನು ಒಪ್ಪದೆ ಮುಂದಿನ ಮಾತು ಆಡುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಹೋದದ್ದು ಏನು? ಕುಣಿಯುವ ಜಾಗ ಎಲ್ಲ ಊರಲ್ಲೂ ಸಿಗುತ್ತದೆ. ಮ್ಯಾನೆಕ್ವಿನ್ಸ್‌ನ ತಿರುಗುವ ನೆಲ ಚೆನ್ನಾಗಿತ್ತು, ಆದರೆ ಅದಕ್ಕೆ ಬದಲಿ ಸಾಧ್ಯ. ಬದಲಿ ಇಲ್ಲದ್ದು ಅಡ್ವೆಂಚರರ್ಸ್ ಕ್ಲಬ್.

ಒಳಗೆ ಹೋದರೆ ಮೊದಲು ಸಿಗುವುದು ಮೇಲಂತಸ್ತಿನ ಮೊಗಸಾಲೆ. ಕಟಕಟೆಗೆ ಒರಗಿ ಕೆಳಗಿನ ದೊಡ್ಡ ಕೋಣೆಯನ್ನು ನೋಡಬಹುದು, ಅಥವಾ ಮೆಟ್ಟಿಲಿಳಿದು ಅದರೊಳಗೆ ಸೇರಿಹೋಗಬಹುದು. ಕಾಲ 1937, ದೇಶ ಸುತ್ತುವ ಸಾಹಸಿಗರ ಖಾಸಗಿ ಸಂಘ. ಗೋಡೆಯ ತುಂಬ ಮುಖವಾಡ, ಫೋಟೊ, ಚಿತ್ರವಿಚಿತ್ರ ಸಾಮಾನು. ಬಾರಿನ ಕೆಲವು ಸ್ಟೂಲುಗಳು ಕೂತವನಿಗೆ ಅರಿವಾಗದಷ್ಟು ನಿಧಾನವಾಗಿ ಕೆಳಗಿಳಿಯುತ್ತಿದ್ದವು. ಮಾತಾಡುತ್ತ ಕೂತವನ ಗಲ್ಲ ಕೊನೆಗೆ ಕಟ್ಟೆಯ ಮಟ್ಟಕ್ಕೆ ಬರುವುದು, ಎದುರಿನವರು ಗೊಳ್ಳೆಂದು ನಗುವುದು. ಸಂಘದ ಅಧ್ಯಕ್ಷೆ ಪಮೀಲಿಯಾ ಪರ್ಕಿನ್ಸ್, ವಿಮಾನ ಹಾರಿಸುವ ಹ್ಯಾಥವೇ ಬ್ರೌನ್, ವಸ್ತುಗಳ ಮೇಲ್ವಿಚಾರಕ ಫ್ಲೆಚರ್ ಹಾಜಸ್, ಬಟ್ಲರ್ ಗ್ರೇವ್ಸ್, ಗೋಡೆಯಲ್ಲಿ ಮಾತಾಡುವ ಬ್ಯಾಬಿಲೋನಿಯಾ ಎಂಬ ಕಲ್ಲುಮುಖ, ಕರ್ನಲ್ ಎಂಬ ಗೊಂಬೆ. ಪಾತ್ರಧಾರಿಗಳು ಜನರ ನಡುವೆಯೇ ಓಡಾಡುತ್ತಿದ್ದರು. ಗಂಟೆ ಹೊಡೆದಂತೆ ಲೈಬ್ರರಿಯಲ್ಲೊಂದು, ಮುಖವಾಡದ ಕೋಣೆಯಲ್ಲೊಂದು, ನಿಧಿಕೋಣೆಯಲ್ಲೊಂದು ಪುಟ್ಟ ಪ್ರದರ್ಶನ. ಹೊಸಬರನ್ನು ಸದಸ್ಯರಾಗಿ ಸೇರಿಸಿಕೊಳ್ಳುವ ವಿಧಿ. ಎಲ್ಲದಕ್ಕೂ ಒಂದೇ ಜಯಘೋಷ: ‘ಕುಂಗಾಲೂಷ್!’

ಕತೆಯ ಎಲುಬು ಬರೆದಿಟ್ಟದ್ದು, ಮಾತು ಮಾತ್ರ ಆ ಕ್ಷಣದ್ದು. ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವ ಅರ್ಥಧಾರಿಗೆ ಪ್ರಸಂಗದ ಪದ್ಯ ಗೊತ್ತು, ಎದುರಾಳಿ ಏನು ಕೇಳುತ್ತಾನೆ ಎಂಬುದು ಗೊತ್ತಿಲ್ಲ. ಹಾಗೆಯೇ ಇಲ್ಲಿಯೂ. ಒಂದೇ ವ್ಯತ್ಯಾಸ, ಇಲ್ಲಿ ಎದುರಾಳಿ ಒಹಾಯೊದಿಂದ ರಜೆಗೆ ಬಂದ ಪ್ರೇಕ್ಷಕನೇ. ಅದಕ್ಕೇ ಜನ ಮತ್ತೆ ಮತ್ತೆ ಬರುತ್ತಿದ್ದರು, ಅದಕ್ಕೇ 2008ರ ಸೆಪ್ಟೆಂಬರಿನ ನಂತರವೂ ಒಂದು ವರ್ಷ ಖಾಸಗಿ ಕೂಟಗಳಿಗೆ ಈ ಒಂದು ಕ್ಲಬ್ಬಿನ ಬಾಗಿಲು ತೆರೆಯುತ್ತಿತ್ತು.

ಉಳಿದವು ಖಾಲಿ ನಿಂತವು. ಮುಚ್ಚುವ ನಿರ್ಧಾರ ಹೊರಬಿದ್ದದ್ದು 2008ರ ಜೂನ್‌ನಲ್ಲಿ, ಸೆಪ್ಟೆಂಬರಿನಲ್ಲಿ ಲೀಮನ್ ಬ್ರದರ್ಸ್ ಬ್ಯಾಂಕ್ ಕುಸಿದು ಅಮೆರಿಕದ ಹಣಕಾಸು ಅಲ್ಲಾಡಿತು. 2010ರ ನವೆಂಬರಿನಲ್ಲಿ ಹೈಪೀರಿಯನ್ ವಾರ್ಫ್ ಎಂಬ ಯೋಜನೆ ಪ್ರಕಟವಾಯಿತು: ಇಪ್ಪತ್ತನೇ ಶತಮಾನದ ಆರಂಭದ ಬಂದರು ಪೇಟೆ, ರಾತ್ರಿ ಸಾವಿರಾರು ದೀಪ. ಅದು ಕಾಗದದಲ್ಲೇ ಉಳಿಯಿತು. 2013ರ ಮಾರ್ಚಿನಲ್ಲಿ ಡಿಸ್ನಿ ಸ್ಪ್ರಿಂಗ್ಸ್ ಎಂಬ ಹೊಸ ಯೋಜನೆ ಘೋಷಣೆಯಾದ ಮೇಲೆಯೇ ನಿಜವಾದ ಕೆಲಸ ಶುರುವಾದದ್ದು.

ಖಾಲಿ ಕಟ್ಟಡ ಎಂದರೆ ಖರ್ಚಿಲ್ಲದ ಕಟ್ಟಡ ಎಂದು ಭಾವಿಸಬಾರದು. ಮಧ್ಯ ಫ್ಲಾರಿಡಾದ ಬೇಸಿಗೆ ನಮ್ಮ ಮಂಗಳೂರಿನ ಮಳೆಗಾಲದಷ್ಟೇ ತೇವ. ಎಸಿ ನಿಲ್ಲಿಸಿದರೆ ಕೆಲವೇ ವಾರದಲ್ಲಿ ಪರದೆ, ಕಾರ್ಪೆಟ್, ಮರಕ್ಕೆ ಬೂಷ್ಟು ಹಿಡಿಯುತ್ತದೆ. ಬೆಂಕಿ ಬಿದ್ದರೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಪೈಪಿನ ಒತ್ತಡ ಕಾಯಬೇಕು, ಬೆಂಕಿ ಸೂಚಕ ಪರೀಕ್ಷಿಸುತ್ತಿರಬೇಕು, ಚಂಡಮಾರುತ ಬಂದು ಹೋದಾಗಲೆಲ್ಲ ಚಾವಣಿ ನೋಡಬೇಕು. ಎರಡು ಮೂರು ವರ್ಷ ಹೀಗೆ ಬಿಟ್ಟ ಒಳಾಂಗಣವನ್ನು ಹಳೆಯದರಂತೆ ಮತ್ತೆ ತೆರೆಯುವುದಕ್ಕಿಂತ ಒಡೆದು ಕಟ್ಟುವುದೇ ಅಗ್ಗ. ‘ಕಟ್ಟಡ ಇನ್ನೂ ಇದೆಯಲ್ಲ’ ಎಂಬ ಆಸೆ ಆ ವರ್ಷಗಳಲ್ಲೇ ಸವೆದುಹೋಯಿತು.

2015ರ ಸೆಪ್ಟೆಂಬರ್ 29ರಿಂದ ಇಡೀ ಪ್ರದೇಶದ ಹೆಸರು ಡಿಸ್ನಿ ಸ್ಪ್ರಿಂಗ್ಸ್. ದ್ವೀಪ ಇದ್ದ ಭಾಗ ಈಗ ‘ದಿ ಲ್ಯಾಂಡಿಂಗ್’. ಮ್ಯಾನೆಕ್ವಿನ್ಸ್ ಕಟ್ಟಡದಲ್ಲಿ ಮೊರಿಮೊಟೊ ಏಷ್ಯಾ ರೆಸ್ಟೊರೆಂಟ್ ಇದೆ. ನೀರಿನಂಚಿಗೆ ದಿ ಬೋಟ್‌ಹೌಸ್. ಪ್ರವೇಶವೂ ಪಾರ್ಕಿಂಗೂ ಉಚಿತ. ಬಹುಮಹಡಿ ಪಾರ್ಕಿಂಗ್ ಕಟ್ಟಿಸಿದ್ದು ಡಿಸ್ನಿ ಅಲ್ಲ, ಆಗಿನ ರೀಡಿ ಕ್ರೀಕ್ ಎಂಬ ವಿಶೇಷ ಆಡಳಿತ ಜಿಲ್ಲೆ, ಬಾಂಡ್ ಮಾರಿ ಎತ್ತಿದ ಹಣದಲ್ಲಿ. ಸಾವಿರಾರು ಕಾರು ನಿಲ್ಲುವ ಜಾಗಕ್ಕೆ ಹಗಲಿಡೀ ಬಂದು ಹೋಗುವ ಜನ ಬೇಕು. ರಾತ್ರಿ ಹತ್ತರ ಮೇಲೆ ತುಂಬುವ ಪೇಟೆ ಆ ಏರ್ಪಾಟಿಗೆ ಒಗ್ಗದು.

ಇನ್ನೊಂದು ತಡೆ ಕಟ್ಟಡ ಸಂಹಿತೆಯದು. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ನೋಡೋಣ. ಅಮೆರಿಕದ ಬಹುಪಾಲು ಕಡೆ, ಫ್ಲಾರಿಡಾದಲ್ಲೂ, ಆಧಾರವಾಗಿರುವ ಮಾದರಿ ಸಂಹಿತೆ ಕ್ಲಬ್ಬನ್ನೂ ರೆಸ್ಟೊರೆಂಟನ್ನೂ ಒಂದೇ ವರ್ಗದಲ್ಲಿ ಇಡುತ್ತದೆ. ಜನರ ಲೆಕ್ಕ ಮಾತ್ರ ಬೇರೆ. ಮೇಜು-ಕುರ್ಚಿ ಇದ್ದರೆ ತಲೆಗೆ 15 ಚದರಡಿ, ಒತ್ತಾಗಿ ಸೇರುವ ಕಡೆ 7, ನಿಂತೇ ಇರುವ ಕಡೆ 5. 3,000 ಚದರಡಿಯ ಕೋಣೆ ಊಟದ ಮನೆಯಾದರೆ 200 ಜನ, ಕುಣಿಯುವ ಮನೆಯಾದರೆ 428. ಹೊರಬಾಗಿಲಿನ ಅಗಲ ತಲೆಗೆ 0.2 ಇಂಚು: ಮೊದಲನೆಯದಕ್ಕೆ ಒಟ್ಟು 40 ಇಂಚು, ಎರಡನೆಯದಕ್ಕೆ ಸುಮಾರು 86. ಶೌಚಾಲಯ ರೆಸ್ಟೊರೆಂಟಿಗೆ 75 ಜನಕ್ಕೊಂದು, ಕ್ಲಬ್ಬಿಗೆ 40 ಜನಕ್ಕೊಂದು. ಅಂದರೆ ಗಂಡಸರಿಗೆ ಎರಡು ಹೆಂಗಸರಿಗೆ ಎರಡು ಸಾಕಾಗಿದ್ದ ಕಡೆ ಆರಾರು ಬೇಕು. 2003ರಲ್ಲಿ ರೋಡ್ ಐಲ್ಯಾಂಡ್ ರಾಜ್ಯದ ದಿ ಸ್ಟೇಷನ್ ಎಂಬ ಕ್ಲಬ್ಬಿನಲ್ಲಿ ಬೆಂಕಿ ಬಿದ್ದು 100 ಜನ ಸತ್ತರು. ಆಮೇಲೆ ಸ್ಪ್ರಿಂಕ್ಲರ್, ಬಾಗಿಲು, ಜನಸಂದಣಿ ನೋಡಿಕೊಳ್ಳುವ ತರಬೇತಾದ ಸಿಬ್ಬಂದಿ, ಎಲ್ಲದರ ನಿಯಮ ಬಿಗಿಯಾಯಿತು. ಬಿಗಿಯಾಗಲೇಬೇಕಿತ್ತು.

ಹೀಗಾಗಿ ಕ್ಲಬ್ಬನ್ನು ರೆಸ್ಟೊರೆಂಟ್ ಮಾಡುವುದು ಇಳಿಜಾರು, ರೆಸ್ಟೊರೆಂಟನ್ನು ಕ್ಲಬ್ ಮಾಡುವುದು ಏರು. ಅಡುಗೆಮನೆ, ಹೊಗೆ ಎಳೆಯುವ ಹುಡ್, ಜಿಡ್ಡು ಹಿಡಿಯುವ ತೊಟ್ಟಿ ಎಂದು ಒಮ್ಮೆ ಹಣ ಸುರಿದ ಜಾಗವನ್ನು ಯಾವ ಗುತ್ತಿಗೆದಾರನೂ ಒಡೆದು ಕುಣಿಯುವ ನೆಲ ಮಾಡುವುದಿಲ್ಲ. ಲ್ಯಾಂಡಿಂಗ್‌ನಲ್ಲಿ ಆ ಏರನ್ನು ಹತ್ತಲು ಯಾರಿಗೂ ಕಾರಣವಿಲ್ಲ.

ಈ ನಡುವೆ ರೆಸಾರ್ಟ್ ಸುಮ್ಮನೆ ಕೂತಿಲ್ಲ, ಹೊಸ ಬಾರುಗಳನ್ನು ತೆರೆದಿದೆ. 2015ರಲ್ಲಿ ಪಾಲಿನೀಷಿಯನ್ ಹೋಟೆಲಿನ ಟ್ರೇಡರ್ ಸ್ಯಾಮ್ಸ್, 2019ರಲ್ಲಿ ಸ್ಟಾರ್ ವಾರ್ಸ್ ಆವರಣದ ಓಗಾಸ್ ಕ್ಯಾಂಟಿನಾ, 2025ರಲ್ಲಿ ಎಪ್‌ಕಾಟ್‌ನ ಜಿಯೊ-82 ಮತ್ತು ಮ್ಯಾಜಿಕ್ ಕಿಂಗ್‌ಡಮ್‌ನ ಕಡಲ್ಗಳ್ಳರ ಹೆಂಡದಂಗಡಿ ಬೀಕ್ ಆ್ಯಂಡ್ ಬ್ಯಾರೆಲ್ ಬಂದವು. ಎಲ್ಲವೂ ಚಿಕ್ಕ ಕೋಣೆ, ಹೆಚ್ಚಿನ ಕಡೆ ಮುಂಗಡ ಕಾಯ್ದಿರಿಸಿದವರಿಗೆ ಮೊದಲ ಜಾಗ. ಓಗಾಸ್‌ನಲ್ಲಿಯೂ ಬೀಕ್ ಆ್ಯಂಡ್ ಬ್ಯಾರೆಲ್‌ನಲ್ಲಿಯೂ 45 ನಿಮಿಷದ ಮಿತಿ. ಮಿತಿ ಇಡುವುದು ತಪ್ಪಲ್ಲ, ಇಲ್ಲಿ ಅಳತೆ ತಪ್ಪಿದೆ. ಜಾಗ ಹಿಡಿದು, ಪಾನೀಯ ಹೇಳಿ, ಅದು ಬರುವಷ್ಟರಲ್ಲಿ 15 ನಿಮಿಷ. ಕೊನೆಯ 10 ನಿಮಿಷ ಬಿಲ್ಲಿಗೆ. ಉಳಿದ 20 ನಿಮಿಷದಲ್ಲಿ ಅಪರಿಚಿತರ ಜೊತೆ ಮಾತು ಶುರುವಾಗುವುದರೊಳಗೆ ಏಳುವ ಹೊತ್ತಾಗಿರುತ್ತದೆ.

ಇನ್ನೊಂದು ತುದಿಗೆ ಹೋದದ್ದು 2022ರ ಗ್ಯಾಲಾಕ್ಟಿಕ್ ಸ್ಟಾರ್‌ಕ್ರೂಸರ್. ನಟರು ಅತಿಥಿಗಳ ನಡುವೆ ಬದುಕುವ ಹೋಟೆಲ್, ನೂರು ಕೋಣೆ, ಎರಡು ರಾತ್ರಿ, ಇಬ್ಬರಿಗೆ ಸುಮಾರು 4,800 ಡಾಲರಿನಿಂದ ಆರಂಭ. ಹೋಗಿಬಂದವರಲ್ಲಿ ಮೆಚ್ಚಿದವರು ಬಹಳ. ಅಷ್ಟು ಕೊಡಬಲ್ಲವರು ಬೇಗ ಮುಗಿದುಹೋದರು, 2023ರ ಸೆಪ್ಟೆಂಬರಿನಲ್ಲಿ ಮುಚ್ಚಿತು. 45 ನಿಮಿಷಕ್ಕೂ ಎರಡು ದಿನಕ್ಕೂ ನಡುವಿನ ಜಾಗ ಇಂದಿಗೂ ಖಾಲಿ ಬಿದ್ದಿದೆ. ಅಡ್ವೆಂಚರರ್ಸ್ ಕ್ಲಬ್ ಕೂತಿದ್ದದ್ದು ಅಲ್ಲಿಯೇ. ಯಕ್ಷಗಾನದವರು ರಾತ್ರಿಯಿಡೀ ಆಟವನ್ನು ಕಾಲಮಿತಿಗೆ ಇಳಿಸಿದಾಗಲೂ ಅದನ್ನು ಮುಕ್ಕಾಲು ಗಂಟೆ ಮಾಡಲಿಲ್ಲ. ಕತೆ ಏರಿ ಇಳಿಯಲು ಬೇಕಾದಷ್ಟು ಹೊತ್ತು ಉಳಿಸಿಕೊಂಡರು.

ಹಾಗಾದರೆ ಆ ಕೋಣೆ ಹೇಗಿರಬೇಕು? ಮೇಲೆ ಹೇಳಿದ 3,000 ಚದರಡಿಯನ್ನೇ ತೆಗೆದುಕೊಳ್ಳಿ. 150 ಅತಿಥಿಗಳು, 30 ಸಿಬ್ಬಂದಿ, ಒಟ್ಟು 180. ಊಟದ ಮನೆಯ 200ರ ಮಿತಿಯೊಳಗೇ ಬಂತು. ಮೇಜು-ಕುರ್ಚಿ ಹಾಗೇ ಉಳಿಸಿಕೊಂಡರೆ ಬಾಗಿಲು ಅಗಲ ಮಾಡಬೇಕಾಗಿಲ್ಲ, ಶೌಚಾಲಯ ಹೆಚ್ಚಿಸಬೇಕಾಗಿಲ್ಲ. ಹಗಲು ಹನ್ನೊಂದರಿಂದ ಐದರವರೆಗೆ ಅದೇ ಕೋಣೆ ಊಟಕ್ಕೆ. ಫ್ಲಾರಿಡಾದಲ್ಲಿ ರೆಸ್ಟೊರೆಂಟ್ ಆಧಾರದ ಮದ್ಯ ಪರವಾನಗಿಗೆ ಮಾರಾಟದ 51 ಶೇಕಡಾ ಆಹಾರ ಮತ್ತು ಮದ್ಯವಲ್ಲದ ಪಾನೀಯದಿಂದ ಬರಬೇಕು. ಅಂಥ ಪರವಾನಗಿ ಆರಿಸಿಕೊಳ್ಳುವವರಿಗೆ ಹಗಲಿನ ಊಟ ಅಲ್ಲೂ ಆಸರೆ.

ರಾತ್ರಿ ಮೂರು ಪಾಳಿ: ಏಳರಿಂದ 8.40, 9.10ರಿಂದ 10.50, 11.20ರಿಂದ ಒಂದು ಗಂಟೆ. ನಡುವಿನ ಅರ್ಧ ಗಂಟೆ ಒರೆಸಿ ಜೋಡಿಸಲು. ಕೊನೆಯ ಪಾಳಿ 21 ದಾಟಿದವರಿಗೆ ಮಾತ್ರ, ವಯಸ್ಸಿನ ತಪಾಸಣೆ ಒಂದೇ ಬಾಗಿಲಲ್ಲಿ. ತಲೆಗೆ 35 ಡಾಲರ್ ಟಿಕೆಟ್ ಇಟ್ಟರೆ 450 ಜನಕ್ಕೆ 15,750. ಮೂವತ್ತು ಜನ ಸಿಬ್ಬಂದಿ, ಎಂಟು ಗಂಟೆ, ಸವಲತ್ತು ಸೇರಿ ಗಂಟೆಗೆ 30 ಡಾಲರ್ ಎಂದರೆ 7,200. ಪಾನೀಯದ ವರಮಾನ ಇದರ ಮೇಲೆ. ಇವು ಅಂದಾಜಿಗೆ ಹಾಕಿದ ಅಂಕಿಗಳು. 20 ಡಾಲರಿಗೆ ಇಳಿಸಿದರೆ, ಅಥವಾ ವಾರದ ನಡುವೆ ಅರ್ಧ ಖಾಲಿ ಹೋದರೆ ಲಾಭ ಕರಗುತ್ತದೆ. ಮಂಗಳವಾರ, ಬುಧವಾರ ಎರಡೇ ಪಾಳಿ ನಡೆಸುವ ಜಾಣತನ ಬೇಕು.

ಕೆಡುವ ಕಡೆಗಳೂ ಇವೆ. ದೊಡ್ಡದು ನಟರ ದಣಿವು. ಆಶು ಮಾತಿನ ಆಟವನ್ನು ಒಬ್ಬನೇ ಮೂರು ಪಾಳಿ ಆಡಿದರೆ ಮೂರನೆಯದರಲ್ಲಿ ಮೊದಲನೆಯದರ ನಗೆಹನಿಯನ್ನೇ ಉಗುಳುತ್ತಾನೆ. ಎರಡು ತಂಡ ಬೇಕು, ಪಾತ್ರ ಬದಲಿಸಿಕೊಂಡು ಆಡಬೇಕು. ಎರಡನೆಯದು ಖಾಯಂ ಗಿರಾಕಿಗಳು. ಅವರೇ ಇಂಥ ಜಾಗದ ಜೀವ. ಆದರೆ ಮುಂದಿನ ಸಾಲೆಲ್ಲ ಅವರದೇ ಆಗಿ, ನಟರು ಅವರೊಂದಿಗೇ ಒಳಮಾತು ಆಡತೊಡಗಿದರೆ ಮೊದಲ ಸಲ ಬಂದವನು ಯಾರದೋ ಮದುವೆಗೆ ಬಂದವನಂತೆ ಮೂಲೆಗೆ ಕೂರುತ್ತಾನೆ. ಪ್ರತಿ ಪಾಳಿಯಲ್ಲಿ ಮೂರನೇ ಒಂದು ಭಾಗ ಟಿಕೆಟ್ಟನ್ನು ಅದೇ ದಿನ ಬಾಗಿಲಲ್ಲೇ ಕೊಟ್ಟರೆ ಇದು ತಪ್ಪುತ್ತದೆ, ಮುಂಗಡ ಟಿಕೆಟ್ ಬಾಚಿ ಮರುಮಾರಾಟ ಮಾಡುವವರ ಕೈಯೂ ಕಟ್ಟುತ್ತದೆ. ಮೂರನೆಯದು ಕೊನೆಯ ಬಸ್ಸು. ಕುಡಿದವರು ಕಾರು ಮುಟ್ಟಬಾರದು ಎಂದಾದರೆ ಹೋಟೆಲುಗಳಿಗೆ ಹೋಗುವ ಬಸ್ಸು ಒಂದೂವರೆಯವರೆಗಾದರೂ ಇರಲೇಬೇಕು. ಈ ಖರ್ಚನ್ನು ಕೋಣೆಯ ಲೆಕ್ಕಕ್ಕೆ ಮೊದಲ ದಿನವೇ ಹಾಕಬೇಕು.

ಊಟದ ಮನೆಯೊಳಗೆ ಆಟ ಉಳಿಯುತ್ತದೆಯೇ ಎಂಬ ಅನುಮಾನ ಇದ್ದವರು ಲ್ಯಾಂಡಿಂಗ್‌ನಲ್ಲೇ ಒಂದು ಬಾಗಿಲು ತಳ್ಳಿ ನೋಡಬಹುದು. ಜ್ಯಾಝ್ ಕಂಪನಿಯ ಜಾಗಕ್ಕೆ ಬಂದ ರಾಗ್ಲನ್ ರೋಡ್ ಇಪ್ಪತ್ತು ವರ್ಷ ದಾಟಿದೆ. ಐರ್ಲೆಂಡಿನಿಂದ ತಂದ ಹಳೆಯ ಮರದ ಬಾರ್ ಕಟ್ಟೆಗಳು, ಮೀನು-ಆಲೂಗಡ್ಡೆಯ ತಟ್ಟೆಗಳು, ಅವುಗಳ ನಡುವೆ ಪುಟ್ಟ ವೇದಿಕೆಯ ಮೇಲೆ ವಾದ್ಯದವರು. ಕುಣಿಯುವವರ ಗಟ್ಟಿ ಬೂಟು ಹಲಗೆಗೆ ಬಡಿದಾಗ ಪಕ್ಕದ ಮೇಜಿನ ಮಕ್ಕಳು ಚಮಚ ಕೆಳಗಿಟ್ಟು ಅತ್ತ ತಿರುಗುತ್ತಾರೆ.